ಗುಳಿಗಿ ಹೆಚ್ಚಾಗ್ಯಾವ

ಬೆಟಗೇರಿ, ಗದಗ
ಶನಿವಾರ, ೧೫ ನವೆಂಬರ್ ೨೦೨೫
ಮಧ್ಯಾಹ್ನ ಮೂರು ಗಂಟೆ

ಕಾವೇರಿ ಅಕ್ಕಾ,

ನಿನ್ನ ತಮ್ಮ ಪ್ರಲ್ಹಾದನ ನಮಸ್ಕಾರ. ಮೊಣಕಾಲ ನೋವು ಈಗ ಹೇಗಿದೆ? ಸೊಲ್ಲಾಪುರದಲ್ಲಿ ಥಂಡಿ ಬಿದ್ದಿರಬೇಕು, ಬರೀ ನೆಲದ ಮೇಲೆ ಮಲಗಬೇಡ. ಮಾಮಾ ಅವರ ಕೆಮ್ಮು ಕಡಿಮೆ ಆಯಿತೋ ಇಲ್ಲವೋ. ಹೋದ ಸೋಮವಾರ ನೀನು ಗಾಡಿ ಹತ್ತಿದ ಮೇಲೆ ಮನೆ ಮುಟ್ಟಿದ ಖಬರು ಬರಲಿಲ್ಲ. ನಾನೂ ಕೇಳಲಿಲ್ಲ. ಈ ಐದು ದಿನದಲ್ಲಿ ನಾಲ್ಕು ಸಲ ನಿನ್ನ ನಂಬರು ತೆಗೆದೆ. ಆ ಕಡೆ ಗಂಟೆ ಬಾರಿಸುವ ಮೊದಲೇ ಕತ್ತರಿಸಿಬಿಟ್ಟೆ. ಫೋನಿನಲ್ಲಾದರೆ ನೀನು ನಡುವೆ ಅಳುತ್ತೀ, ನಾನು ಅದೇ ನೆಪ ಮಾಡಿಕೊಂಡು ಹೇಳಬೇಕಾದದ್ದನ್ನು ಅಲ್ಲಿಗೇ ಬಿಡುತ್ತೇನೆ. ಕಾಗದದ ಮೇಲೆ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಇವತ್ತು ಹತ್ತು ದಿನದ ಮೇಲೆ ನಳ ಬಂತು. ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ ನಾನು, ದ್ರಾಕ್ಷಾಯಣಿ ಇಬ್ಬರೂ ಕೊಡ, ಬ್ಯಾರಲ್ಲು, ಕೊನೆಗೆ ಅಡುಗೆಯ ಪಾತ್ರೆಗಳನ್ನೂ ತುಂಬಿಸಿಕೊಂಡೆವು. ಅವ್ವನ ತಾಮ್ರದ ಕೊಡದ ಮುಂದೆ ಬಂದಾಗ ಇಬ್ಬರೂ ನಿಂತೆವು. ಅದನ್ನು ಆಕೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಆಮೇಲೆ ದ್ರಾಕ್ಷಾಯಣಿಯೇ ಹುಣಸೆಹಣ್ಣು ಹಚ್ಚಿ ತಿಕ್ಕಿ ತುಂಬಿಸಿದಳು. ಅಂಕಿತಾಳಿಗೆ ಅರ್ಧ ದಿನದ ಶಾಲೆ. ಊಟವಾದ ಮೇಲೆ ತಾಯಿ ಮಗಳು ಇಬ್ಬರೂ ಬೂಟು ತರಲು ಗದಗಿನ ಪೇಟೆಗೆ ಹೋದರು. ಈಗ ಮನೆಯಲ್ಲಿ ನಾನೊಬ್ಬನೇ. ಅಪ್ಪನ ಕುಣಿಮಗ್ಗ ಇದ್ದ ಜಾಗ, ಸಿಮೆಂಟು ತುಂಬಿ ಸಮ ಮಾಡಿಸಿದೆವಲ್ಲ, ಆ ಚೌಕದ ಮೇಲೆ ಅವ್ವನ ಚಾಪೆ ಹಾಸಿಕೊಂಡು ಕೂತು ಬರೆಯುತ್ತಿದ್ದೇನೆ. ದಿನಾ ನಾಲ್ಕು ಸಾಲು ಡೈರಿ ಬರೆಯುವ ನನ್ನ ಚಟ ನಿನಗೆ ಗೊತ್ತು. ಅಕ್ಟೋಬರ್ ಇಪ್ಪತ್ತೊಂಬತ್ತರ ಹಾಳೆಯಲ್ಲಿ 'ಅವ್ವ ಹೋದಳು' ಎಂದು ಬರೆದಿದ್ದೇನೆ. ಅಲ್ಲಿಂದ ಮುಂದೆ ಎಲ್ಲ ಹಾಳೆ ಖಾಲಿ.

ಹದಿಮೂರನೆಯ ದಿನ ಏನಾಯಿತು ಎಂಬುದು ನಿನಗೆ ನೆನಪಿದೆ, ಆದರೂ ಬರೆಯುತ್ತೇನೆ, ಏಕೆಂದರೆ ನಾನು ಎಲ್ಲಿ ನಿಂತಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ಅವ್ವ ಕುಂಕುಮದ ಭರಣಿ ಇಡುವ ಮಾಡದಲ್ಲಿ ನಿನಗೆ ಆಕೆಯ ಎದೆಯ ಗುಳಿಗೆಯ ಖಾಲಿ ಪಟ್ಟಿ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದು, ಉಣ್ಣಲು ಕೂತಿದ್ದ ಬೀಗರ ಮುಂದೆಯೇ ದ್ರಾಕ್ಷಾಯಣಿಗೆ, "ಅತ್ತಿ ಗುಳಿಗಿ ಖಾಲಿ ಇಟ್ಟು ತವರಮನ್ಯಾಗ ಹಬ್ಬಾ ಮಾಡಿದೇನವಾ" ಎಂದೆ. ಅವಳು ಬಡಿಸುವ ಸೌಟು ಹಿಡಿದುಕೊಂಡೇ ತಲೆ ತಗ್ಗಿಸಿದಳು. ನಾನು ಬಾಗಿಲ ಹಿಂದೆ ನೀರಿನ ಚರಿಗೆ ಹಿಡಿದು ನಿಂತಿದ್ದೆ. ನೀನು ಆಡಿದ ಪ್ರತಿ ಮಾತೂ ನನಗೆ ಕೇಳಿಸಿತು. ಎರಡು ಹೆಜ್ಜೆ ಒಳಗೆ ಇಟ್ಟಿದ್ದರೆ ಸಾಕಿತ್ತು. ನಾನು ಚರಿಗೆಯನ್ನು ಹಿಡಿದುಕೊಂಡು ಹಿತ್ತಿಲಿಗೆ ಹೋದೆ.

ಸಂಜೆ ಅವಳು ನಿನಗಾಗಿ ಕಟ್ಟಿದ ರೊಟ್ಟಿಯ ಬುತ್ತಿಯನ್ನು ನೀನು ಕಟ್ಟೆಯ ಮೇಲೇ ಬಿಟ್ಟು ಆಟೋ ಹತ್ತಿದೆ. "ಅವ್ವ ಇರೂತನಾ ತವರಮನಿ. ಇನ್ನ ಈ ಹೊಸ್ತಿಲಾ ತುಳಿಯಂಗಿಲ್ಲ" ಎಂದೆ. ಮರುದಿನ ಆ ಬುತ್ತಿ ಬಿಚ್ಚಿ ನಾವಿಬ್ಬರೂ ಉಂಡೆವು. ಕೆಂಪು ಚಟ್ನಿ, ಗುರೆಳ್ಳು ಹಿಂಡಿ, ನಿನಗೆ ಸೇರುತ್ತದೆ ಎಂದು ಹಾಕಿದ ಬದನೆಕಾಯಿ ಎಣ್ಣೆಗಾಯಿ. ಅಕ್ಕಾ, ತಪ್ಪು ಅವಳದಲ್ಲ. ನನ್ನದು. ಹೇಗೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ಸಾವಕಾಶ ಓದು.

ಪಂಚಮಿಗೆ ನೀನು ಬಂದಾಗ ನನ್ನ ಹೊಸ ಕೆಲಸದ ಬಗ್ಗೆ ಎಷ್ಟು ಜಂಬ ಕೊಚ್ಚಿದೆ ಎಂಬುದು ನೆನಪಿರಬೇಕು. ಫೋನಿಗೆ ನಮ್ಮ ಕಡೆಯ ಕನ್ನಡ ಕಲಿಸುವ ಕೆಲಸ. ಒಂದು ಕಂಪನಿಯವರು ಮಾತುಗಳ ಪಟ್ಟಿ ಕೊಡುತ್ತಾರೆ, ನಾನು ಮತ್ತು ಸುನೀಲ ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಊರೂರು ತಿರುಗಿ ಜನರ ಧ್ವನಿ ಹಿಡಿಯುತ್ತೇವೆ. ಸುನೀಲ ನನಗಿಂತ ಹದಿನೈದು ವರ್ಷ ಸಣ್ಣವನು, ಡಿಗ್ರಿ ಓದಿದವನು, ಲೆಕ್ಕಕ್ಕೆ ಅವನೇ ನನ್ನ ಮೇಲಿನವನು. ಎಸ್ಸೆಸ್ಸೆಲ್ಸಿ ಓದಿದ ನನ್ನನ್ನು ತೆಗೆದುಕೊಂಡದ್ದು ನನ್ನ ಅಕ್ಷರಕ್ಕಾಗಿ ಅಲ್ಲ, ನಾನು ಜನರ ಹತ್ತಿರ ಕಟ್ಟೆಯ ಮೇಲೆ ಕೂತು ಮಾತಾಡಬಲ್ಲೆ ಎಂಬುದಕ್ಕಾಗಿ. ಅಂದು ಜೋಕಾಲಿಯ ಹತ್ತಿರ ಕೂತು ನಿನಗೆ ಭವಿಷ್ಯ ಹೇಳಿದೆ. ಇನ್ನು ಐದು ವರ್ಷದಲ್ಲಿ ಯಾರೂ ಅಕ್ಷರ ಒತ್ತುವುದಿಲ್ಲ, ಬಾಯಿಂದ ಆಡಿದರೆ ಫೋನೇ ಬರೆದುಕೊಳ್ಳುತ್ತದೆ. ಮುಂಡರಗಿಯ ಸುದ್ದಿ ಮುಂಡರಗಿಯ ಮಾತಿನಲ್ಲೇ ಟಿವಿಯಲ್ಲಿ ಬರುತ್ತದೆ. ಕಚೇರಿಯ ಕಾಗದವನ್ನು ಫೋನು ಓದಿ ನಮ್ಮ ಮಾತಿನಲ್ಲಿ ತಿಳಿಸಿ ಹೇಳುತ್ತದೆ. ಇಂಗ್ಲಿಷ್ ಬಾರದವನು ದಡ್ಡ ಎನ್ನುವ ಕಾಲ ಹೋಗುತ್ತದೆ. ಉದ್ದುದ್ದ ಮಾತು ಕೇಳುವ ತಾಪತ್ರಯವೂ ಇಲ್ಲ, ಫೋನು ಅದರ ಸಾರ ತೆಗೆದು ಎರಡು ಸಾಲಿನಲ್ಲಿ ಕೊಡುತ್ತದೆ. ನೀನು ನಕ್ಕು, "ಫೋನ್ ಬರಕೋತೈತಿ, ಫೋನ್ ಓದತೈತಿ, ನೀ ಏನ್ ಮಾಡ್ತೀಲೇ?" ಎಂದೆ. ಅವ್ವ ಅಲ್ಲೇ ಸೊಪ್ಪು ಸೋಸುತ್ತ ಕೂತಿದ್ದಳು. "ಅದಕ್ಕ ಯಾಕ ಕಲಿಸ್ತಿಯೋ, ಅಂಕಿತಾಗ ಕಲಸು" ಎಂದಳು. ಎಲ್ಲರೂ ನಕ್ಕೆವು.

ಊರೂರುಗಳಲ್ಲೂ ನಾನು ಇದನ್ನೇ ಹೇಳುತ್ತಿದ್ದೆ. ಕೆಲವರು ನಂಬುತ್ತಿದ್ದರು, ಕೆಲವರು ಚೇಷ್ಟೆ ಮಾಡುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಸೈಕಲ್ ಅಂಗಡಿಯ ಕರೀಮಸಾಬ ಮುಕ್ಕಾಲು ತಾಸು ಮಾತಾಡಿ ಕೊನೆಗೆ, "ನಲವತ್ತ ವರ್ಷ ಆತು, ನನ್ನ ಹೇಂತಿನ ನನ್ನ ಮಾತ ಕೇಳವಲ್ಲಳು. ಈ ಡಬ್ಬಿ ಕೇಳತೈತೇನ್ರಿ" ಎಂದ. ಅವನ ಹೆಂಡತಿ ಒಳಗಿನಿಂದ, "ಕೇಳೂ ಮಾತ ಆಡಿದ್ರ ಕೇಳ್ತೇನಿ" ಎಂದಳು. ಅದನ್ನೂ ಫೋನು ಹಿಡಿದುಕೊಂಡಿತು. ಸುನೀಲ ಅದನ್ನು ಅಳಿಸಿಹಾಕಿದ. ಪಟ್ಟಿಯಲ್ಲಿಲ್ಲದ ಮಾತು ಕಂಪನಿಗೆ ಬೇಡ.

ಅವ್ವನಿಗೂ ಒಂದು ಹಳೆಯ ಫೋನು ಕೊಟ್ಟು, ಗುಂಡಿ ಒತ್ತಿ ಹಿಡಿದು ಮಾತಾಡಿ ಬಿಡುವುದನ್ನು ಕಲಿಸಿದ್ದು ನಾನೇ. ಆಕೆಗೆ ಅದು ಬಲು ಸೇರಿತು. ನಾನು ಊರ ಮೇಲೆ ಹೋದಾಗ ದಿನಕ್ಕೊಂದು ಕಳಿಸುತ್ತಿದ್ದಳು. ನಿನಗೆ ಗೊತ್ತಲ್ಲ, ಆಕೆ ಎಲ್ಲಿಂದಲೋ ಸುರು ಮಾಡಿ, ಪಕ್ಕದ ಮನೆಯ ಅಮೃತವ್ವನ ಜಗಳ ಹೇಳಿ, ನಳದ ಸುದ್ದಿ ಹೇಳಿ, ಕೊನೆಗೆ ಹೇಳಬೇಕಾದದ್ದಕ್ಕೆ ಬರುವವಳು. ನನಗೆ ಕೇಳಲು ಪುರುಸೊತ್ತಿರಲಿಲ್ಲ ಎನ್ನಲೇ? ಇತ್ತು. ಶಿರಹಟ್ಟಿಯ ಬಸ್ ನಿಲ್ದಾಣದಲ್ಲಿ ಅರ್ಧರ್ಧ ತಾಸು ಸುಮ್ಮನೆ ಕೂತಿರುತ್ತಿದ್ದೆ. ಆದರೆ ಫೋನಿನಲ್ಲಿ ಸಾರ ತೆಗೆಯುವ ವ್ಯವಸ್ಥೆ ಇತ್ತು, ಅದನ್ನು ಹಚ್ಚಿಟ್ಟಿದ್ದೆ. ಅವ್ವನ ಎರಡು ನಿಮಿಷದ ಮಾತು ನನಗೆ ಎರಡು ಸಾಲಾಗಿ ಬರುತ್ತಿತ್ತು. ಆಕೆ ನನ್ನನ್ನು ಪಲ್ಲ್ಯಾ ಎಂದು ಕರೆಯುತ್ತಾಳಲ್ಲ, ಫೋನು ಅದನ್ನು 'ಪಲ್ಯ' ಎಂದು ಬರೆಯುತ್ತಿತ್ತು. 'ಪಲ್ಯ, ಊಟ ಮಾಡಿ. ಥಂಡಿ ಇದೆ.' ನಾನು ಅದನ್ನು ಸುನೀಲನಿಗೆ ತೋರಿಸುತ್ತಿದ್ದೆ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವನು ನನ್ನನ್ನು "ಏನ್ರಿ ಪಲ್ಯಾ, ಇವತ್ತ ಬದನಿಕಾಯೋ ಹೀರಿಕಾಯೋ" ಎಂದು ಕಾಡುತ್ತಿದ್ದ. ತಾಯಿಯ ಮಾತನ್ನು ನಗೆಗೆ ಇಟ್ಟೆ ಎಂದು ಆಗ ಒಂದು ಸಲವೂ ಅನಿಸಲಿಲ್ಲ. ಉತ್ತರಕ್ಕೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸುತ್ತಿದ್ದೆ. ಅದನ್ನೂ ನಾನೇ ಕಲಿಸಿದ್ದೆ. ಓದಲು ಬಾರದಿದ್ದರೂ ಹೆಬ್ಬೆಟ್ಟು ಕಂಡರೆ, ನನಗೆ ತಿಳಿಯಿತು, ಆ ಕೆಲಸ ಮಾಡುತ್ತೇನೆ ಎಂದು ಅರ್ಥ ಎಂದು ಹೇಳಿದ್ದೆ. ಅವ್ವ ನಕ್ಕು, "ಚುಲೋ ಆತು, ಇಷ್ಟ ದಿನಾ ನಾ ಒತ್ತಿದೆ, ಇನ್ನ ನೀ ಒತ್ತು" ಎಂದಿದ್ದಳು.

ಬಲಿಪಾಡ್ಯ ಮುಗಿದ ಮರುದಿನ, ಗುರುವಾರ, ದ್ರಾಕ್ಷಾಯಣಿ ಅಂಕಿತಾಳನ್ನು ಕರೆದುಕೊಂಡು ಶಿಗ್ಲಿಗೆ ಹೋದಳು. ಅವಳ ಬಸುರಿ ತಂಗಿಯ ಕುಬಸ ಇತ್ತು. ಹೋಗುವ ಮುಂದೆ ಶನಿವಾರದ ತನಕ ಸಾಲುವಷ್ಟು ಗುಳಿಗೆ ಇವೆ ಎಂದು ನೋಡಿ, ರವಿವಾರ ಬರುತ್ತ ಪೇಟೆಯಿಂದ ಹೊಸ ಪಟ್ಟಿ ತರುತ್ತೇನೆ ಎಂದು ಅವ್ವನಿಗೆ ಹೇಳಿಯೇ ಹೋದಳು. ಶುಕ್ರವಾರ ಸಂಜೆ ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಆಗಲೇ ನನಗೆ ಫೋನ್ ಮಾಡಿದಳು. ಆ ಗಡಿಬಿಡಿಯಲ್ಲೂ ಅವಳು ಮರೆಯಲಿಲ್ಲ ಅಕ್ಕಾ. "ನಾ ರವಿವಾರ ಬರಾಕ ಆಗೂದಿಲ್ರಿ. ಅತ್ತಿಯವರ ಗುಳಿಗಿ ನಾಳಿಗೆ ತೀರತಾವ. ಅವು ತಪ್ಪಿಸಬಾರದಂತ ಡಾಕ್ಟರ ಹೇಳ್ಯಾರ. ನೀವ ಹೋಗಿ ಕೊಟ್ಟು ಬರ್ರಿ" ಎಂದಳು. ನಾನು ಶಿರಹಟ್ಟಿಯಲ್ಲಿದ್ದೆ. ಹೂಂ ಎಂದೆ.

ಆ ಶುಕ್ರವಾರವೇ ಒಂದು ಮಾತು ನಡೆದಿತ್ತು. ಶಿರಹಟ್ಟಿಯ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಗೆ, 'ದೀಪವನ್ನು ಆರಿಸಿ' ಎಂಬ ಸಾಲನ್ನು ನಾನು ಓದಿ ಹೇಳಿ, ಹಾಗೇ ಅನ್ನಿ ಎಂದೆ. ಆಕೆ ಅನ್ನಲಿಲ್ಲ. "ಹೊತ್ತ ಮುಣಗೂ ಮುಂದ ಹಂಗ ಅನಬಾರದೋ ತಮ್ಮಾ. ದೀಪ ದೊಡ್ಡದ ಮಾಡು ಅಂತೇನಿ, ಬೇಕಾದ್ರ ಬರಕೋ" ಎಂದಳು. ಮೂರು ಸಲ ಹೇಳಿಸಿದರೂ ಅಷ್ಟೇ. ಆರಿಸುವುದಕ್ಕೆ ದೊಡ್ಡದು ಮಾಡುವುದು ಎನ್ನುವ ಮನೆಯಲ್ಲೇ ಬೆಳೆದವನು ನಾನು. ನಮ್ಮ ಅವ್ವನ ಬಾಯಲ್ಲಿ ಎಂದಾದರೂ ಅಕ್ಕಿ ಮುಗಿದದ್ದುಂಟೇ? ಅಕ್ಕಿ ಹೆಚ್ಚಾಗುತ್ತಿತ್ತು. ಕುಂಕುಮ ಹೆಚ್ಚಾಗುತ್ತಿತ್ತು. ಬಳೆ ಒಡೆದರೆ ಬಳಿ ಹೆಚ್ಚಾದವು ಎನ್ನುತ್ತಿದ್ದಳು. ಅಪ್ಪ ಮಗ್ಗದ ಮೇಲಿನ ಹಾಸು ತೀರಿದಾಗ ಕೂಡ ಹಾಸು ಹೆಚ್ಚಾತು ಎಂದೇ ಲಾಳಿ ಕೆಳಗೆ ಇಡುತ್ತಿದ್ದರು. ಚಿಕ್ಕಂದಿನಲ್ಲಿ ಎಣ್ಣಿ ಹೆಚ್ಚಾಗೈತಿ ಎಂದು ಅವ್ವ ಅಂದರೆ ಬಾಟಲಿ ಹಿಡಿದು ಅಂಗಡಿಗೆ ಓಡುತ್ತಿದ್ದವಳು ನೀನು, ನಿನ್ನ ಹಿಂದೆ ನಾನು. ಆ ಮುದುಕಿಯ ಮಾತಿನ ಮುಂದೆ ನಾನು ಹಾಳೆಯಲ್ಲಿ 'ತಪ್ಪಾಗಿ ಓದಿದ್ದಾರೆ' ಎಂದು ಗುರುತು ಹಾಕಿದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವ್ವನ ಧ್ವನಿ ಬಂತು. ನಾನು ಮುಂಡರಗಿಯ ಬಸ್ಸಿಗೆ ನಿಂತಿದ್ದೆ. ಸಾರ ತೆರೆದು ಓದಿದೆ. 'ಪಲ್ಯ, ಗುಳಿಗೆಗಳು ಹೆಚ್ಚಾಗಿವೆ. ಬೆಕ್ಕು ಮರಿ ಹಾಕಿದೆ.' ಇಷ್ಟೇ. ನನಗೆ ಹಗುರವಾಯಿತು ಅಕ್ಕಾ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಗುಳಿಗೆ ಬೇಕಾದಷ್ಟಿವೆ, ದ್ರಾಕ್ಷಾಯಣಿ ಸುಮ್ಮನೆ ಗಾಬರಿ ಮಾಡಿದಳು, ಇನ್ನು ಬೆಟಗೇರಿಗೆ ಹೋಗಿಬರುವ ಕೆಲಸ ತಪ್ಪಿತು ಎಂದುಕೊಂಡೆ. ತಿಂಗಳ ಕೊನೆಯೊಳಗೆ ಮುಂಡರಗಿಯಲ್ಲಿ ಇನ್ನೂ ನಲವತ್ತು ಜನರ ಧ್ವನಿ ಹಿಡಿಯಬೇಕಿತ್ತು. ಹೆಬ್ಬೆಟ್ಟು ಒತ್ತಿ ಬಸ್ಸು ಹತ್ತಿದೆ. ಆ ದಿನದ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿದೆ: 'ಅವ್ವನ ಗುಳಿಗೆ ಇವೆಯಂತೆ. ಚಿಂತೆ ಇಲ್ಲ.'

ಯಂತ್ರ ತಪ್ಪು ಬರೆಯಲಿಲ್ಲ. ಅವ್ವ ಹೆಚ್ಚಾಗ್ಯಾವ ಎಂದಿರಬೇಕು, ಅದು ಹೆಚ್ಚಾಗಿವೆ ಎಂದು ಬರೆಯಿತು. ಆಕೆಯ ಬಾಯಿಂದ ಕೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ? ಆ ಮಾತನ್ನು ಆಕೆ ಯಾವಾಗಲೂ ಸ್ವಲ್ಪ ತಗ್ಗಿದ ದನಿಯಲ್ಲಿ, ದೇವರ ಮುಂದೆ ಅಂದಹಾಗೆ ಅನ್ನುತ್ತಿದ್ದಳು. ಅಚ್ಚಿನ ಅಕ್ಷರಕ್ಕೆ ದನಿ ಎಲ್ಲಿಯದು. ಅದು ಅಂಗಡಿಯವನು ದಾಸ್ತಾನು ಹೇಳಿದ ಹಾಗಿತ್ತು, ನಾನೂ ಹಾಗೇ ಓದಿದೆ. ರವಿವಾರ ಒಂದು ನಿಮಿಷ ಫೋನಿನಲ್ಲಿ ಮಾತಾಡಿದೆ. ಆರಾಮ ಇದ್ದೇನೆ ಎಂದಳು. ಇಡುವ ಮುಂದೆ, "ನೆನಪೈತಿಲ್ಲೋ?" ಎಂದು ಕೇಳಿದಳು. ಯಾವುದರ ನೆನಪು ಎಂದು ಕೇಳುವಷ್ಟು ತಾಳ್ಮೆ ಇರಲಿಲ್ಲ. "ಐತಿ ಬೇ" ಎಂದುಬಿಟ್ಟೆ.

ಬುಧವಾರ ಬೆಳಿಗ್ಗೆ ಆರಕ್ಕೆ ಅಮೃತವ್ವನ ಫೋನು ಬಂತು. ಎದೆ ಹಿಡಿದುಕೊಂಡು ಕೂತವಳನ್ನು ಅವರೇ ಆಟೋದಲ್ಲಿ ಗದಗಿನ ದವಾಖಾನೆಗೆ ಕರೆದೊಯ್ದಿದ್ದರು. ನಾನು ಮುಂಡರಗಿಯಿಂದ ಬರುವಷ್ಟರಲ್ಲಿ ಮುಖದ ಮೇಲೆ ಸೀರೆಯ ಸೆರಗು ಹೊದಿಸಿದ್ದರು. ಡಾಕ್ಟರು ಗುಳಿಗೆ ನಿಲ್ಲಿಸಿದ್ದಿರೇನು ಎಂದು ಕೇಳಿದರು. ತೆಗೆದುಕೊಳ್ಳುತ್ತಿದ್ದರು ಎಂದೆ. ಆಗ ನನಗೆ ಹಾಗೇ ಗೊತ್ತಿದ್ದದ್ದು. ನಂತರ ದವಾಖಾನೆಯ ಕಟ್ಟೆಯ ಮೇಲೆ ಅಮೃತವ್ವ ನನ್ನ ಪಕ್ಕದಲ್ಲಿ ಕೂತು ಹೇಳಿದಳು. ಸೋಮವಾರ ಅವ್ವನ ಗುಳಿಗೆ ಇಲ್ಲವೆಂದು ತಿಳಿದು, ಚೀಟಿ ಕೊಡು ನಾನೇ ತರಿಸುತ್ತೇನೆ ಎಂದು ಕೇಳಿದ್ದಳಂತೆ. ಅವ್ವ ಕೊಡಲಿಲ್ಲ. ಫೋನು ತೆಗೆದು ತೋರಿಸಿ, "ನೋಡಿಲ್ಲೆ, ನನ್ನ ಮಗಾ ಹೆಬ್ಬಟ್ಟ ಒತ್ಯಾನ. ತರ್ತಾನ. ನೀ ತರಸಿದ್ರ ಅಂವಗ ಕೆಟ್ಟ ಅನಸತೈತಿ" ಎಂದಳಂತೆ. ಅಮೃತವ್ವ ಇದನ್ನು ನನ್ನ ಮೇಲೆ ತಪ್ಪು ಹೊರಿಸಲು ಹೇಳಲಿಲ್ಲ. ಮಗನ ಮೇಲೆ ಆಕೆಗೆ ಎಷ್ಟು ಭರವಸೆ ಇತ್ತು ಎಂದು ನನಗೆ ಸಮಾಧಾನ ಮಾಡಲು ಹೇಳಿದಳು. ಎದ್ದು ಒಳಗೆ ಹೋಗಿ ಡಾಕ್ಟರಿಗೆ ಖರೆ ಹೇಳಬಹುದಿತ್ತು. ಹೋಗಲಿಲ್ಲ.

ನೀನು ಹೊಸ್ತಿಲ ಮಾತು ಆಡಿ ಹೋದ ರಾತ್ರಿ ಕಳೆದು ಮರುದಿನ ಬುತ್ತಿ ಉಣ್ಣುವಾಗ ನಾನು ದ್ರಾಕ್ಷಾಯಣಿಗೆ, ಅಕ್ಕನಿಗೆ ಸಿಟ್ಟು ಇಳಿಯುತ್ತದೆ ಬಿಡು ಎಂದೆ. ಎಂಥ ಗಂಡಸು ನೋಡು. ಅವಳು ರೊಟ್ಟಿ ಮುರಿಯುತ್ತ, ತಲೆ ಎತ್ತದೇ, "ನಿಮ್ಮ ಫೋನ್ ನಾ ನೋಡೇನ್ರಿ" ಎಂದಳು. ಹೆಣ ಮನೆಯಲ್ಲಿದ್ದಾಗಲೇ, ಬೀಗರಿಗೆಲ್ಲ ಸುದ್ದಿ ತಿಳಿಸಲು ನನ್ನ ಫೋನು ಅವಳ ಕೈಯಲ್ಲಿ ಇತ್ತಲ್ಲ, ಆಗಲೇ ಓದಿದ್ದಳು. "ನನಗ ಓದಿದ ಕೂಡ್ಲೆ ತಿಳೀತು. ಹದಿನಾಲ್ಕ ವರ್ಷ ಅತ್ತಿ ಕೂಡ ಅಡಗಿ ಮಾಡೇನಿ" ಎಂದಳು. ಹಾಗಾದರೆ ಅಕ್ಕನ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿದಳು. "ನಾ ಹೊರಗಿಂದ ಬಂದಾಕಿ. ನನ್ನ ಮ್ಯಾಲ ಇದ್ರ ಮನಿ ನಡೀತೈತಿ. ನಿಮ್ಮ ಮ್ಯಾಲ ಬಂದ್ರ ಅಕ್ಕಾ ತಮ್ಮಾ ಹರದ ಹೋಗ್ತೀರಿ" ಎಂದಳು. ನಾನು ಏನು ಹೇಳಬೇಕಿತ್ತೋ ಅದನ್ನು ಅವತ್ತೂ ಹೇಳಲಿಲ್ಲ. ಐದು ದಿನ ಅವಳ ಮರೆಯಲ್ಲಿ ಉಂಡು ತಿರುಗಿದೆ.

ಗುರುವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಸುನೀಲ ಈಗ ಪಲ್ಯ ಎನ್ನುವುದಿಲ್ಲ. ಈ ತಿಂಗಳು ಧ್ವನಿ ಹಿಡಿಯುವುದಿಲ್ಲ, ಮಾತಿನ ಪಟ್ಟಿ ತಿದ್ದುವುದು. ಅ, ಆ ಎಂದು ಸಾಲಾಗಿ ನೋಡುತ್ತ ಹ ತನಕ ಬಂದಾಗ 'ಹೆಚ್ಚಾಗು' ಸಿಕ್ಕಿತು. ಅದರ ಎದುರಿಗೆ ಆಗಸ್ಟಿನಲ್ಲಿ ನಾನೇ ಬರೆದ ಅರ್ಥ ಇತ್ತು, 'ಜಾಸ್ತಿ ಆಗು'. ಅದರ ಪಕ್ಕ ಇನ್ನೊಂದು ಅರ್ಥ ಸೇರಿಸಲು ಹೋದೆ: 'ಮುಗಿಯಿತು ಎಂದು ಬಾಯಿಂದ ಅನ್ನಬಾರದವರು ಮುಗಿದಾಗ ಅನ್ನುವ ಮಾತು.' ಆ ಚೌಕದಲ್ಲಿ ಅಷ್ಟು ಅಕ್ಷರ ಹಿಡಿಯಲಿಲ್ಲ. ಸುನೀಲ ಪಾಪ, ಅರ್ಧ ತಾಸು ನನ್ನ ಜೊತೆ ಕೂತು ಅದನ್ನು ಸಣ್ಣದು ಮಾಡಲು ನೋಡಿದ. ಕೊನೆಗೆ 'ತೀರು' ಎಂದು ಹಾಕಿದೆವು. ಅದೂ ಸರಿಯಿಲ್ಲ.

ಮುಂದೇನಾಗುತ್ತದೆ ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ನನಗೆ ತೋರುವುದನ್ನು ನಿನಗೆ ಹೇಳುತ್ತೇನೆ, ಇದರಲ್ಲಿ ಜಂಬ ಇಲ್ಲ. ಫೋನು ನಮ್ಮ ಮಾತು ಕಲಿಯುತ್ತದೆ. ಇನ್ನು ಹತ್ತು ವರ್ಷಕ್ಕೆ ಐತಿ, ಆತು, ಹೋಗೂಣು ಎಂದು ಅದು ನಮಗಿಂತ ಚೆನ್ನಾಗಿ ಆಡುತ್ತದೆ. ಆಗ ನಾವು ಹಾಗೆ ಆಡುತ್ತಿರುವುದಿಲ್ಲ. ಅಂಕಿತಾ ಈಗಲೇ, "ಅಮ್ಮಾ, ಶಾಂಪೂ ಖಾಲಿ" ಎಂದು ಬಚ್ಚಲಿನಿಂದ ಕೂಗುತ್ತಾಳೆ. ನಿನ್ನ ಮಕ್ಕಳು ಮರಾಠಿಯಲ್ಲಿ ಅಂದದ್ದನ್ನು ಫೋನು ಕನ್ನಡ ಮಾಡಿ ನಮಗೆ ಮುಟ್ಟಿಸುತ್ತದೆ, ಎಲ್ಲವೂ ತಿಳಿಯುತ್ತದೆ. ಮುಗೀತು ಎನ್ನಲು ಯಾರೂ ಅಂಜುವುದಿಲ್ಲ. ಅದು ಒಳ್ಳೆಯದೇ ಇರಬಹುದು. ಅವ್ವ ಗುಳಿಗಿ ಮುಗದಾವ ಎಂದಿದ್ದರೆ ಇಂದು ಈ ಚಾಪೆಯ ಮೇಲೆ ಆಕೆಯೇ ಕೂತಿರುತ್ತಿದ್ದಳು. ಎರಡು ದಿನ ನಾನು ಇದನ್ನೇ ಹಿಡಿದುಕೊಂಡಿದ್ದೆ ಅಕ್ಕಾ. ಆಕೆಯದೇ ತಪ್ಪು, ಹಳೆಯ ಕಾಲದ ಮಾತಿನದು ತಪ್ಪು ಎಂದುಕೊಂಡರೆ ಉಸಿರಾಡಲು ಬರುತ್ತಿತ್ತು. ಸತ್ತ ತಾಯಿಯ ಮೇಲೆ ತಪ್ಪು ಹೊರಿಸಿದೆ, ಆಕೆ ಎದೆಯ ಗುಳಿಗೆಯನ್ನು ಕುಂಕುಮದ ಸಾಲಿಗೆ ಸೇರಿಸಿದಳು ಎಂಬ ಒಂದೇ ಕಾರಣಕ್ಕೆ. ಉಳಿದದ್ದಕ್ಕಿಂತ ನನಗೆ ಇದೇ ಹೆಚ್ಚು ನಾಚಿಕೆ. ಜೀವ ಹಿಡಿದಿಡುವ ವಸ್ತುವನ್ನು ಮುಗೀತು ಎನ್ನದ ಮಾತು ಆಕೆಯದು, ಅದನ್ನು ಬಲ್ಲ ಕಿವಿ ನನಗಿತ್ತು. ಅದನ್ನು ನಾನು ಬಳಸಲಿಲ್ಲ.

ನೀನು ನನಗೆ ಬೈಯಬೇಕು, ಮಾತು ಬಿಡಬೇಕು ಎನಿಸಿದರೆ ಬಿಡು. ಹೊಸ್ತಿಲು ತುಳಿಯುವುದಿಲ್ಲ ಎಂದದ್ದನ್ನು ಮಾತ್ರ ದ್ರಾಕ್ಷಾಯಣಿಯ ಮೇಲೆ ಇಡಬೇಡ. ನಾನು ಈ ಪತ್ರ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ, ಗೊತ್ತಾದರೆ ಬೇಡವೆನ್ನುತ್ತಾಳೆ. ಅವತ್ತು ಉಣ್ಣಲು ಕೂತಿದ್ದ ಬೀಗರಿಗೂ ನಾನೇ ಮನೆಮನೆಗೆ ಹೋಗಿ ಹೇಳುತ್ತೇನೆ. ಮಾಮಾ ಅವರಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ. ಕಾಲಿಗೆ ಎಳ್ಳೆಣ್ಣೆ ಹಚ್ಚಿ ತಿಕ್ಕಿಸಿಕೋ.

ನಿನ್ನ ತಮ್ಮ,
ಪ್ರಲ್ಹಾದ

ತಾ.ಕ.: ಹೆಸರು ಬರೆದು ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಅವಸರದಲ್ಲಿದ್ದೇನೆ, ಅಕ್ಷರ ನೋಡಬೇಡ. ಅವ್ವನ ಧ್ವನಿ ಫೋನಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೀನು ಮಣ್ಣು ಕೊಟ್ಟು ಬಂದ ದಿನ ಕೇಳಿದ್ದೆ, ನಾನು ಇಲ್ಲ ಎಂದೆ. ಸುಳ್ಳು. ಅರವತ್ತೆರಡು ಇವೆ. ಒಂದನ್ನೂ ನಾನು ಕೇಳಿರಲಿಲ್ಲ, ಸಾರ ಓದಿದ್ದೆ ಅಷ್ಟೇ. ಈಗ ಕೊನೆಯದನ್ನು ಕೇಳಿದೆ. ಒಂದು ನಿಮಿಷ ನಲವತ್ತು ಸೆಕೆಂಡು ಇದೆ. ಆಕೆ ಅನ್ನುವುದು ಹೀಗೆ: "ಪಲ್ಲ್ಯಾ, ಗುಳಿಗಿ ಹೆಚ್ಚಾಗ್ಯಾವಪಾ. ದ್ರಾಕ್ಷಾಯಣಿಗೆ ಹೇಳಾಕ ಹೋಗಬ್ಯಾಡ. ಪಾಪ, ವರ್ಷಕ್ಕೊಮ್ಮಿ ತವರಮನಿಗೆ ಹೋಗ್ಯಾಳ. ಹೇಳಿದ್ರ ಅಲ್ಲೆ ಎಲ್ಲಾ ಬಿಟ್ಟು ಎದ್ದ ಬರ್ತಾಳ, ಅಕಿ ಹಂಗ. ನೀ ಅದೀಯಲ್ಲ, ಸಾಕು." ಆಮೇಲೆ ಬೆಕ್ಕಿನ ಸುದ್ದಿ, ಮೂರು ಮರಿ, ಒಂದು ಕರಿಯದು. ಸಾರದಲ್ಲಿ ಬೆಕ್ಕು ಉಳಿದಿತ್ತು, ದ್ರಾಕ್ಷಾಯಣಿ ಉಳಿದಿರಲಿಲ್ಲ. ಎಲ್ಲ ಅರವತ್ತೆರಡನ್ನೂ ಒಂದು ಸಣ್ಣ ಕಾರ್ಡಿಗೆ ಹಾಕಿ ಈ ಹಾಳೆಗೆ ಅಂಟಿಸಿದ್ದೇನೆ, ನಿನ್ನ ಮಗ ಫೋನಿಗೆ ಹಾಕಿಕೊಡುತ್ತಾನೆ. ನನ್ನ ಬರಹವನ್ನು ನಂಬಬೇಕೆಂದಿಲ್ಲ, ಅದನ್ನು ಕೇಳು. ಕೇಳಿ ಫೋನ್ ಮಾಡುವುದಾದರೆ ದ್ರಾಕ್ಷಾಯಣಿಗೆ ಮಾಡು, ನನಗೆ ಬೇಡ. ಇದನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ರವಿವಾರ, ಸೋಮವಾರದ ತನಕ ನನ್ನ ಕೈಯಲ್ಲಿ ಉಳಿದರೆ ಹರಿದುಹಾಕುತ್ತೇನೆ. ಓಣಿಯ ಈಶಪ್ಪ ನೂಲು ತರಲು ನಾಳೆ ಮುಂಜಾನೆಯ ಗಾಡಿಗೆ ಸೊಲ್ಲಾಪುರಕ್ಕೆ ಹೊರಟಿದ್ದಾನೆ. ಇದನ್ನು ಅವನ ಕೈಗೆ ಕೊಡುತ್ತಿದ್ದೇನೆ, ಸಂಜೆಯೊಳಗೆ ನಿಮ್ಮ ಮನೆಗೆ ಬರುತ್ತಾನೆ.